ಡಿಕ್ಷನರಿಯಲ್ಲಿ ಸಿಗದ ಪದ

ಫ್ರಿಜ್ಜು, ವಾಷಿಂಗ್ ಮೆಷಿನ್ನುಗಳ ದೂರನ್ನು ಫೋನಿನಲ್ಲಿ ಕೇಳುವ ಆಫೀಸಿನಲ್ಲಿ ಅವನನ್ನು ಎಲ್ಲರೂ ‘ಡಿಕ್ಷನರಿ’ ಎಂದೇ ಕರೆಯುತ್ತಾರೆ. ಒಂದು ಕಡೆ ಕೂರುವ ಜೀವವಲ್ಲ. ಬಸ್ಸಿನಲ್ಲಿ, ಲಿಫ್ಟಿನಲ್ಲಿ, ಬಟ್ಟೆ ಒಣಹಾಕುವಾಗ ಕೂಡ ತುಟಿ ಪಿಟಿಪಿಟಿ ಎನ್ನುತ್ತಾ ಹೊಸ ಇಂಗ್ಲಿಷ್ ಪದವೊಂದನ್ನು ಅಗಿಯುತ್ತಿರುತ್ತಾನೆ. “ಹಲ್ಲುಜ್ಜುವಾಗಲಾದ್ರೂ ಬಾಯಿಗೆ ರಜಾ ಕೊಡ್ರೀ,” ಎನ್ನುತ್ತಾಳೆ ಹೆಂಡತಿ. ಊರೆಲ್ಲ ‘ಬ್ರೇಕ್‌ಡೌನ್’ ಎಂದರೆ ಇವನದು ‘ಮಾಲ್‌ಫಂಕ್ಷನ್’; ‘ಪ್ರಾಬ್ಲಂ’ ಎಂಬುದು ಇವನ ಬಾಯಲ್ಲಿ ‘ಕನಂಡ್ರಮ್’. “ಏನಪ್ಪಾ ಇವನ ದೊಡ್ಡಸ್ತಿಕೆ!” ಎಂದು ಪಕ್ಕದ ಮೇಜಿನವರು ನಗುತ್ತಾರೆ. ಅದು ದೊಡ್ಡಸ್ತಿಕೆಯಲ್ಲ, ಭಯ. ಪ, ಬ ಅಕ್ಷರ ಬಂದರೆ ಚಿಕ್ಕಂದಿನಿಂದಲೂ ಅವನ ತುಟಿ ಅಂಟಿಕೊಂಡುಬಿಡುತ್ತದೆ. ಪದವೊಂದು ಸಿಕ್ಕಿಕೊಳ್ಳುತ್ತದೆ ಅನ್ನಿಸಿದ ಕೂಡಲೇ ನುಣುಚಿಕೊಳ್ಳಲು ಅದೇ ಅರ್ಥದ ಇನ್ನೊಂದು ಪದ ಬೇಕು. ಉಗ್ಗು ಗೊತ್ತಾದರೆ ಕೆಲಸಕ್ಕೇ ಕುತ್ತು. ಆದರೆ ಸ್ವಂತ ಹೆಸರಿಗೆ ಬದಲಿ ಪದ ಎಲ್ಲಿಂದ ತರುವುದು? ಅದು ಶುರುವಾಗುವುದೇ ‘ಪ’ದಿಂದ. ಯಾರಾದರೂ ಹೆಸರು ಕೇಳಿದರೆ, ಲೈನು ಸರಿಯಿಲ್ಲವೆಂದು ಫೋನು ಇಟ್ಟುಬಿಡುತ್ತಾನೆ. ಮೊನ್ನೆ ಒಬ್ಬ ಅಜ್ಜಿ ಫ್ರಿಜ್ಜಿನ ದೂರು ಹೇಳಿ ಮುಗಿಸಿ, “ನಿನ್ನ ಹೆಸರೇನಪ್ಪಾ?” ಎಂದರು. ಅವನು ಎದ್ದು ನಿಂತ, ಕೂತ, ಮತ್ತೆ ಎದ್ದ. “ಪ... ಪ...” ಎನ್ನುವಷ್ಟರಲ್ಲಿ ಸುತ್ತಲಿನವರೆಲ್ಲ ತಿರುಗಿ ನೋಡಿದರು. ಫೋನು ಇಡಲು ಕೈ ಹೋಯಿತು. “ನಿಧಾನವಾಗಿ ಹೇಳು, ನನಗೇನೂ ಅವಸರ ಇಲ್ಲ,” ಎಂದರು ಅಜ್ಜಿ. ಇಡೀ ಆಫೀಸು ಕೇಳುತ್ತಿರುವಾಗ ಅವನು ತುಂಡುತುಂಡಾಗಿ ತನ್ನ ಹೆಸರು ಹೇಳಿದ. “ಒಳ್ಳೇ ಹೆಸರು ಕಣಪ್ಪಾ. ಇನ್ನೊಂದ್ಸಲ ಹೇಳು, ಬರ್ಕೋತೀನಿ.” ಅವನು ಇನ್ನೊಂದು ಸಲ ಹೇಳಿದ.