ಊಟಕ್ಕೆ ಮುಂಚೆ ನಾಲ್ಕು ನಮಸ್ಕಾರ

ಪಕ್ಕದ ಮನೆಯವರು ಗೇಟಿಗೆ ಬಣ್ಣ ಹೊಡೆಸುತ್ತಿದ್ದಾರೆ. ಬೆಳಗಿನಿಂದ ಪೇಂಟಿನ ವಾಸನೆ ಅಡುಗೆಮನೆಯವರೆಗೂ ಬಂದಿದೆ. ಈ ವಾಸನೆ ಬಂದರೆ ನನಗೆ ಇವತ್ತಿಗೂ ಊಟ ಸೇರುವುದಿಲ್ಲ. ತುಮಕೂರಿನ ದೊಡ್ಡಪ್ಪನ ಮನೆಯ ಊಟದ ಕೋಣೆ ನೆನಪಾಗುತ್ತದೆ. ಅಲ್ಲಿ ಗೋಡೆಯ ಮೇಲೊಂದು ತಗಡಿನ ಬೋರ್ಡು... ‘ಉಂಡ ಮನೆಗೆ ಎರಡು ಬಗೆಯಬಾರದು.’ ಶಿರಾ ಗೇಟಿನಲ್ಲಿ ಅಂಗಡಿ ಬೋರ್ಡು ಬರೆಯುವವನ ಹತ್ತಿರ ದೊಡ್ಡಪ್ಪ ಬರೆಸಿ ತಂದದ್ದು. ನಾನು ಆ ಮನೆಗೆ ಹೋದ ವಾರವೇ ಅದೂ ಬಂತು. ಬಣ್ಣ ಇನ್ನೂ ಹಸಿ. ಯಾರಿಗಾಗಿ ಬರೆಸಿದ್ದು ಎಂದು ತಿಳಿಯಲಾರದಷ್ಟು ಚಿಕ್ಕವಳೇನಲ್ಲ ನಾನು.

ಎಪ್ಪತ್ತರ ದಶಕದ ಮಾತು. ಗುಬ್ಬಿ ಹತ್ತಿರದ ನಮ್ಮೂರಿನಲ್ಲಿ ಹೈಸ್ಕೂಲಿರಲಿಲ್ಲ. ಹಾಗಾಗಿ ಅಪ್ಪ ನನ್ನನ್ನು ತಮ್ಮ ಅಣ್ಣನ ಮನೆಯಲ್ಲಿ ಬಿಟ್ಟರು. ದೊಡ್ಡಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಹೆಡ್ ಕ್ಲಾರ್ಕು. ಮಕ್ಕಳಿಗೆ ಉಪಕಾರ ಸ್ಮರಣೆ ಮನೆಯಲ್ಲೇ ಬರಬೇಕು, ಅದಕ್ಕೆ ತಕ್ಕ ವಾತಾವರಣವನ್ನು ನಾವೇ ಕಟ್ಟಬೇಕು ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದರು. ‘ಅವರು’ ಎಂಬ ಬಹುವಚನ ಬಾಯಿಗೆ ರೂಢಿಯಾಗಿದೆ, ಬರೆಯುತ್ತಿದ್ದೇನೆ. ಮನಸ್ಸಿನಲ್ಲಿ ಅದಿಲ್ಲ.

ಅವರು ಕಟ್ಟಿದ ವಾತಾವರಣ ಹೀಗಿತ್ತು. ತಟ್ಟೆಗೆ ಮುದ್ದೆ ಬಿದ್ದ ಮೇಲೆ ಯಾರೂ ಕೈ ಹಾಕುವಂತಿಲ್ಲ. ಅವರ ಇಬ್ಬರು ಮಕ್ಕಳು, ನಾನು, ಸಾಲಾಗಿ ಕೂತು ಕೈ ಮುಗಿದು ಹೇಳಬೇಕು: ಮಳೆ ಕೊಟ್ಟ ದೇವರಿಗೆ ನಮಸ್ಕಾರ, ಬೆಳೆದ ರೈತನಿಗೆ ನಮಸ್ಕಾರ, ದುಡಿದು ತಂದ ಯಜಮಾನರಿಗೆ ನಮಸ್ಕಾರ. ಯಜಮಾನರು ಎಂದರೆ ಅವರೇ. ಕಣ್ಣು ಮುಚ್ಚಿ, ತಲೆ ತುಸು ಬಾಗಿಸಿ ಸ್ವೀಕರಿಸುತ್ತಿದ್ದರು. ನಾಲ್ಕನೆಯದು ನಮ್ಮ ಸ್ವಂತದ್ದು. ಆ ದಿನ ಯಾರಿಂದ ಉಪಕಾರವಾಯಿತೋ ಅವರಿಗೆ. ನಿನ್ನೆ ಹೇಳಿದ್ದನ್ನು ಇವತ್ತು ಹೇಳಿದರೆ ತಲೆಗೊಂದು ಮೊಟಕು. ಪೋಸ್ಟ್‌ಮ್ಯಾನ್, ಹಾಲಿನವಳು, ಬೀದಿ ನಲ್ಲಿ ಎಲ್ಲ ಮುಗಿದು, ಚಿಕ್ಕವನು ಒಂದು ದಿನ ಉಪ್ಪಿನಕಾಯಿ ಜಾಡಿಗೆ ನಮಸ್ಕಾರ ಹೇಳಿ ಏಟು ತಿಂದ.

ಅಷ್ಟು ಹೊತ್ತೂ ದೊಡ್ಡಮ್ಮ ಸೌಟು ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿರುತ್ತಿದ್ದಳು. ಸಾರು ಆರುತ್ತಿತ್ತು. ಮತ್ತೆ ಬಿಸಿ ಮಾಡಿ ತರುತ್ತಿದ್ದಳು. ಆ ಪಟ್ಟಿಯಲ್ಲಿ ಅವಳಿರಲಿಲ್ಲ. ದೊಡ್ಡವನು ಒಮ್ಮೆ ಕೇಳಿದ್ದಕ್ಕೆ ದೊಡ್ಡಪ್ಪ ನಕ್ಕು, “ಅವಳ ಮನೆ ಕೆಲಸ ಅವಳು ಮಾಡ್ಕೋತಾಳೆ, ಅದೇನು ಉಪಕಾರ?” ಅಂದರು. ನಾವೂ ನಕ್ಕೆವು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಆ ಮನೆಯಲ್ಲಿ ಅವರೊಬ್ಬರು ಯಾರಿಗೂ ನಮಸ್ಕಾರ ಹೇಳಿದ್ದನ್ನು ನಾನು ಕಂಡಿಲ್ಲ.

ಒಂದು ಶುಕ್ರವಾರ ಯಡಿಯೂರು ಕಡೆಯಿಂದ ದೊಡ್ಡಮ್ಮನ ತಮ್ಮ ಬಂದ. ಒಳಗೆ ಬರುವ ಮೊದಲೇ, “ಅಕ್ಕಾ, ಅವ್ವ ಊಟ ಬುಟ್ಟು ಮೂರ್ ದಿನಾಯ್ತು. ನಿನ್ನೇ ಕೇಳ್ತಾವ್ಳೆ. ಹೊರಡು” ಅಂದ. ದೊಡ್ಡಮ್ಮ ದೊಡ್ಡಪ್ಪನ ಮುಖ ನೋಡಿದಳು.

“ಭಾನುವಾರ ನಮ್ಮ ಸಾಹೇಬ್ರು ಊಟಕ್ಕೆ ಬರ್ತಾರೆ. ಸೋಮವಾರ ಹೋದ್ರಾಯ್ತು. ಎರಡು ದಿನದಲ್ಲಿ ಏನಾಗೋಗುತ್ತೆ?”

ದೊಡ್ಡಮ್ಮನ ತಮ್ಮ ಕಾಫಿಯನ್ನೂ ಕುಡಿಯದೆ ಹೊರಟುಹೋದ. ಸಾಹೇಬರನ್ನು ಕರೆದದ್ದೇ ನಮ್ಮ ನಮಸ್ಕಾರಗಳನ್ನು ತೋರಿಸಲಿಕ್ಕೆ.

ಭಾನುವಾರ ದೊಡ್ಡಮ್ಮ ಬೆಳಗಿನಿಂದ ಒಬ್ಬಟ್ಟು ತಟ್ಟಿದಳು. ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಹೊಗೆ ಎನ್ನೋಣವೆಂದರೆ ಆಗ ಮನೆಗೆ ಗ್ಯಾಸ್ ಬಂದಿತ್ತು. ಸಾಹೇಬರು ಎಲೆಯ ಮುಂದೆ ಕೂತರು. ಮೂರು ನಮಸ್ಕಾರ ಸರಾಗವಾಗಿ ಮುಗಿದವು. ನಾಲ್ಕನೆಯದಕ್ಕೆ ನನ್ನ ಸರದಿ ಬಂದಾಗ ಎಲ್ಲಿಂದ ಬಂತೋ ಧೈರ್ಯ, “ಅಮ್ಮನಿಗೆ ಹುಷಾರಿಲ್ಲ ಅಂತ ಕರೆ ಬಂದ್ರೂ ಹೋಗ್ದೆ ನಮಗೆ ಒಬ್ಬಟ್ಟು ಮಾಡಿದ ದೊಡ್ಡಮ್ಮನಿಗೆ ನಮಸ್ಕಾರ” ಅಂದುಬಿಟ್ಟೆ.

ಸಾಹೇಬರ ಕೈ ಎಲೆಯ ಮೇಲೇ ನಿಂತಿತು. ಅಡುಗೆಮನೆಯ ಕಡೆ ತಿರುಗಿ, “ಹೌದೇನಮ್ಮಾ? ಹೊರಗೆ ಜೀಪಿದೆ. ಈಗ್ಲೇ ಹೊರಡಿ, ಡ್ರೈವರ್ ಬಿಟ್ಟು ಬರ್ತಾನೆ” ಅಂದರು. ಪುಣ್ಯಾತ್ಮ, ಹೃದಯದಿಂದ ಹೇಳಿದ ಮಾತು. ದೊಡ್ಡಪ್ಪನ ಮುಖ ಸುಣ್ಣವಾಗಿತ್ತು.

ದೊಡ್ಡಮ್ಮ ಒಮ್ಮೆ ಹೊರಬಾಗಿಲ ಕಡೆ ನೋಡಿದಳು. ಆಮೇಲೆ ಗಂಡನ ಕಡೆ.

“ಅಯ್ಯೋ, ಇಲ್ಲ ಸಾರ್. ಹುಡುಗಿಗೆ ಏನೂ ಗೊತ್ತಾಗಲ್ಲ. ಅಮ್ಮ ಚೆನ್ನಾಗೇ ಇದಾರೆ. ನೀವು ಊಟ ಮಾಡಿ.”

ತುಪ್ಪ ಬಡಿಸಲು ಬಂದಳು. ಸಾಹೇಬರು ಎರಡನೇ ಒಬ್ಬಟ್ಟು ಹಾಕಿಸಿಕೊಂಡರು.

ಸೋಮವಾರ ಮೊದಲನೇ ಬಸ್ಸಿಗೆ ದೊಡ್ಡಮ್ಮನ ಜೊತೆ ನಾನೂ ಹೋದೆ. ಅವಳ ಬ್ಯಾಗಿನಲ್ಲಿ ಅಮ್ಮನಿಗೆಂದು ಎತ್ತಿಟ್ಟ ನಾಲ್ಕು ಒಬ್ಬಟ್ಟು. ಕುಣಿಗಲ್ಲಿನಲ್ಲಿ ಬಸ್ಸು ಬದಲಿಸಲು ಇಳಿದಾಗ ಅವರ ಊರಿನ ಮುದುಕರೊಬ್ಬರು ಸಿಕ್ಕಿದರು. “ಈಗ ಬಂದ್ಯೇನವ್ವಾ? ನೆನ್ನೆ ಸಂಜೆನೇ ಹೋಗ್ಬುಡ್ತಲ್ಲ ಜೀವ. ಕೊನೇವರ್ಗೂ ನಿನ್ನೇ ಕೇಳ್ತಿತ್ತು.” ದೊಡ್ಡಮ್ಮ ಸ್ಟ್ಯಾಂಡಿನ ನೆಲದ ಮೇಲೇ ಕೂತುಬಿಟ್ಟಳು. ಮಧ್ಯಾಹ್ನದ ಜೀಪು ಅವಳನ್ನು ಮುಟ್ಟಿಸಿರುತ್ತಿತ್ತು. ನನಗೂ ಗೊತ್ತಿತ್ತು, ಅವಳಿಗೂ.

ದೊಡ್ಡಪ್ಪ ನಾಚಿಕೊಂಡರು ಎಂದುಕೊಂಡಿರಾ? ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ತಾಯಿ ಸಾಯುತ್ತಿದ್ದರೂ ಅತಿಥಿಯನ್ನು ಬಿಡದ ಹೆಂಡತಿಯ ಕಥೆಯನ್ನು ತಮ್ಮ ಮನೆಯ ಸಂಸ್ಕಾರ ಎಂದು ಕಚೇರಿಯಲ್ಲೆಲ್ಲ ಹೇಳಿಕೊಂಡು ತಿರುಗಿದರು. ಸಾಲದ್ದಕ್ಕೆ ನಮಗೆ ಐದನೇ ನಮಸ್ಕಾರವನ್ನೂ ಸೇರಿಸಿದರು: ಇಂಥ ಮಗಳನ್ನು ಹೆತ್ತ ಮಹಾತಾಯಿಗೆ ನಮಸ್ಕಾರ. ಅಷ್ಟು ಹೊತ್ತಿಗೆ ದೊಡ್ಡಮ್ಮ ಹಿತ್ತಲಿಗೆ ಹೋಗಿ ಕೊಡಪಾನ ಉಜ್ಜಲು ಶುರು ಮಾಡುತ್ತಿದ್ದಳು. ಉಜ್ಜಿದ್ದನ್ನೇ ಉಜ್ಜುವಳು. ಎಸ್ಸೆಸ್ಸೆಲ್ಸಿ ಮುಗಿಯುವವರೆಗೂ ನಾನೂ ಕೈ ಮುಗಿದು ಅದನ್ನು ಹೇಳಿದೆ. ನನಗೆ ಓದು ಬೇಕಿತ್ತು. ಅವರ ಮೇಲಿನ ತಿರಸ್ಕಾರದಲ್ಲಿ ಒಂದು ಪಾಲು ನನಗೂ ಇರಲಿ.

ಎಂಬತ್ತರ ದಶಕದಲ್ಲಿ, ದೊಡ್ಡಪ್ಪ ತೀರಿಕೊಂಡ ಮೇಲೆ, ಒಮ್ಮೆ ಕೇಳಿದೆ. “ಯಾಕೆ ದೊಡ್ಡಮ್ಮ ಹಾಗಂದೆ ಅವತ್ತು?”

“ಕಾಲು ಹೊಸಿಲು ದಾಟಿತ್ತು ಕಣೇ. ಬಾಯಿ ಮಾತ್ರ ಅವ್ರ ಮರ್ಯಾದೆ ಕಾಯ್ತು. ಅಷ್ಟು ವರ್ಷ ಅದೇ ಕೆಲಸ ಮಾಡಿತ್ತಲ್ಲ...”

ಈಗ ಅವಳೂ ಇಲ್ಲ. ಹೋದ ತಿಂಗಳು ನಮ್ಮ ಮನೆಗೆ ನೆಂಟರು ಬಂದಿದ್ದರು. ಕುಕ್ಕರ್ ಇನ್ನೂ ಕೂಗಿರಲಿಲ್ಲ, ಸೊಸೆಗೆ ಫೋನು ಬಂತು. ಅವಳ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ಅವಳು ನನ್ನ ಮುಖ ನೋಡಲಿಲ್ಲ, ಯಾರ ಮುಖವನ್ನೂ ನೋಡಲಿಲ್ಲ. ಹೇಳದೆ ಕೇಳದೆ, ಹಿಟ್ಟಿನ ಕೈಯಲ್ಲೇ ಚಪ್ಪಲಿ ಮೆಟ್ಟಿಕೊಂಡು ಓಡಿದಳು. ಏನು ಹುಡುಗಿಯೋ, ಒಂದು ಮಾತು ಹೇಳುವ ಸೌಜನ್ಯ ಬೇಡವೇ ಎಂದು ನೆಂಟರು ಗೊಣಗಿದರು. ನಾನು ಬಾಗಿಲಲ್ಲಿ ನಿಂತು, ಅವಳು ಆಟೋ ಹತ್ತುವುದನ್ನು ನೋಡುತ್ತಾ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ದೊಡ್ಡಮ್ಮನೂ ಹೀಗೇ ಓಡಬೇಕಿತ್ತು.