ಕಾಕಾ ಬರೆದ ಬೆದರಿಕೆ ಪತ್ರ

ತೆಲಂಗಾಣದ ಕುಷಾಯಿಗೂಡದ ನಮ್ಮ ಕಾಲೊನಿಯಲ್ಲಿ ಯಾರಿಗೆ ಇಂಗ್ಲಿಷ್ ಕಾಗದ ಬಂದರೂ ನಮ್ಮ ಮನೆಯ ಗೇಟು ಸದ್ದಾಗುತ್ತದೆ. ಕಾನ್ವೆಂಟಿನ ಸಿಸ್ಟರುಗಳು ಬೆರಳ ಗಂಟಿಗೆ ಸ್ಕೇಲಿನಿಂದ ಹೊಡೆದು ಕಲಿಸಿದ ಇಂಗ್ಲಿಷು ಮದುವೆಯಾದ ಮೇಲೆ ಹೀಗೇ ಬಳಕೆಯಾಗಿದೆ: ಪಾಸ್‌ಪೋರ್ಟ್ ಅರ್ಜಿ, ಆಸ್ಪತ್ರೆಯ ರಿಪೋರ್ಟು, ಮಕ್ಕಳ ರಜೆಚೀಟಿ. ಇಲ್ಲ ಎನ್ನುವುದು ನನಗೆ ಬರುವುದಿಲ್ಲ.

ಪಕ್ಕದ ಮನೆಯ ಕಾಕಾ ಬಂದದ್ದು ಮಧ್ಯಾಹ್ನ, ಊಟವಾದ ಮೇಲೆ. ವಿಜಯಪುರದ ಕಡೆಯವರು, ಇಲ್ಲಿಯ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಗೋಡೆಯಾಚೆಯ ಮನೆಯಿಂದ ಬರುವುದಕ್ಕೂ ಇಸ್ತ್ರಿ ಅಂಗಿ ಬೇಕು. ಟೀಪಾಯಿ ಒದ್ದೆ ಇದ್ದೀತೆಂದು ಅಂಗೈಯಿಂದ ಒರೆಸಿ, ನಾಲ್ಕಾಗಿ ಮಡಿಸಿದ ಹಾಳೆಯೊಂದನ್ನು ಅದರ ಮೇಲೆ ಬಿಡಿಸಿಟ್ಟರು.

"ಮಗಳಿಗೆ ನಿನ್ನ ಕೊಲ್ತೀನಿ ಅಂತ ಬರ್ದೀನ್ರಿ ತಂಗಿ. ಇಂಗ್ಲಿಷಿನ್ಯಾಗ ಮಾಡಿಕೊಡ್ರಿ."

ಅವರ ಮಗಳು ಬೇರೆ ಜಾತಿಯ ತೆಲುಗು ಹುಡುಗನನ್ನು ಮೆಚ್ಚಿ ಮದುವೆಯಾಗಿದ್ದಳು. ವಿಷಯ ತಿಳಿದಾಗ ಕಾಕಾ ಎರಡು ದಿನ ಮಾತು ಬಿಟ್ಟಿದ್ದರು. ಮೂರನೆಯ ದಿನ ತಾವೇ ಸಿಕಂದರಾಬಾದಿಗೆ ಹೋಗಿ ಅಳಿಯನಿಗೆ ಪ್ಯಾಂಟು ಹೊಲಿಸಲು ಬಟ್ಟೆ ತಂದರು. ಮದುವೆಯಲ್ಲಿ ಪಂಕ್ತಿಯ ತುಂಬ ಓಡಾಡಿ ಬೀಗರಿಗೆ ತುಪ್ಪ ಬಡಿಸಿದರು. ಆಮೇಲೆ ಗಂಡ ಹೆಂಡತಿ ಓದಲೆಂದು ಹೊರದೇಶಕ್ಕೆ ಹೋದರು. ಓದು ಮುಗಿಯಿತು, ನೌಕರಿ ಸಿಗಲಿಲ್ಲ, ವೀಸಾ ಮುಗಿಯುತ್ತ ಬಂತು. ವಾಪಸು ಬರಲು ಇಬ್ಬರಿಗೂ ನಾಚಿಕೆ.

ಅಲ್ಲಿ ಉಳಿಯುವ ದಾರಿಗಳನ್ನು ಇಲ್ಲಿಯ ವೀಸಾ ಏಜೆಂಟನೊಬ್ಬ ಕಾಕಾನ ಎದುರಿಗೇ ಬೆರಳು ಮಡಿಚಿ ಎಣಿಸಿದ್ದನಂತೆ. ಮತ್ತೊಂದು ಓದು, ನೌಕರಿ, ವ್ಯಾಪಾರ. ಉಳಿದ ಬೆರಳು ಆಶ್ರಯದ್ದು: ಊರಿಗೆ ಮರಳಿದರೆ ಜೀವ ಹೋಗುತ್ತದೆಂದು ನಂಬಿಸಿದರೆ ಅಲ್ಲಿಯ ಸರಕಾರ ಹೊರಗೆ ಹಾಕುವುದಿಲ್ಲ. ಜಾತಿ ಬಿಟ್ಟ ಮದುವೆ ಹೇಗೂ ಆಗಿತ್ತು. ಕೊಲ್ಲುವ ಅಪ್ಪ ಒಬ್ಬ ಬೇಕಿತ್ತು.

ಹಾಳೆ ಓದಿದೆ. ಮೇಲೆ ಶ್ರೀ. ಕೆಳಗೆ ಅವರ ದುಂಡು ಅಕ್ಷರ. "ಚಿ. ಸೌ. ಮಗಳಿಗೆ ತಂದೆಯ ಅನೇಕ ಆಶೀರ್ವಾದಗಳು. ಇತ್ತ ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಪತ್ರ ಬರೆಯುವುದು. ತರುವಾಯ ತಿಳಿಸುವುದೇನೆಂದರೆ, ನೀವು ಇಲ್ಲಿಗೆ ಬಂದರೆ ಇಬ್ಬರನ್ನೂ ಕಡಿದು ಹಾಕುತ್ತೇನೆ. ಅಲ್ಲಿ ಥಂಡಿ ಬಹಳ ಅಂತ ಕೇಳಿದೆ, ಕಿವಿಗೆ ಕಟ್ಟಿಕೊಳ್ಳುವುದು."

ನಗು ಬಂತು. ಆದರೆ ಇದೇ ತೆಲಂಗಾಣದಲ್ಲಿ ಅಪ್ಪಂದಿರು ಜಾತಿ ಬಿಟ್ಟು ಮದುವೆಯಾದ ಮಕ್ಕಳನ್ನು, ಅಳಿಯಂದಿರನ್ನು ನಿಜವಾಗಿ ಕೊಲ್ಲಿಸಿದ್ದಾರೆ. ಪೇಪರಿನಲ್ಲಿ ಆ ಹುಡುಗಿಯರ ಮುಖ ನೋಡಿ ಚಹಾದ ಲೋಟ ಕೆಳಗಿಟ್ಟವಳು ನಾನು. ಅಂಥವರು ಓಡಿ ಹೋಗಿ ತಟ್ಟಬೇಕಾದ ಬಾಗಿಲು ಈ ಆಶ್ರಯ.

ಅಳಿಯನನ್ನೇ ಕೇಳೋಣವೆಂದು ಕಾಕಾ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು. ಆಶೀರ್ವಾದ, ಥಂಡಿ ಎರಡನ್ನೂ ತೆಗೆಯಬೇಕೆಂದು ಅವನು ಹೇಳಿದ. "ಕೊಂಚೆಂ ಸ್ಟ್ರಾಂಗ್‌ಗಾ ರಾಯಂಡಿ ಆಂಟೀ" ಎಂದ, ಸ್ವಲ್ಪ ಖಾರವಾಗಿ ಬರೆಯಿರಿ ಅಂತ, ಚಹಾಕ್ಕೆ ಪುಡಿ ಹೆಚ್ಚು ಹಾಕಿರೆನ್ನುವ ದನಿಯಲ್ಲಿ. ಆಮೇಲೆ ಮಗಳು ಬಂದಳು. ಏನೋ ಕುರುಕುರು ಅಗಿಯುತ್ತಿದ್ದಳು, ಸದ್ದು ನಮ್ಮ ಹಾಲಿನ ತುಂಬ ಕೇಳಿಸಿತು. "ಬರೇ ಕಾಗದ ಆಂಟಿ. ಅಪ್ಪಾಗ ಏನೂ ಆಗಂಗಿಲ್ಲ." ಅಷ್ಟು ಹೇಳಿ ಇಟ್ಟಳು.

ಮಗಳ ಆಶ್ರಯದ ಅರ್ಜಿಯ ಪ್ರತಿ ಎಂದು ಏಜೆಂಟ್ ಕೊಟ್ಟ ಇಂಗ್ಲಿಷ್ ಹಾಳೆಗಳೂ ಕಾಕಾನ ಜೇಬಿನಲ್ಲಿದ್ದವು. ಓದಿ, ಅವರಿಗೆ ತಿಳಿಯುವಂತೆ ಹೇಳಿದೆ. ಈ ಮನೆಗೆ ಹೆದರಿ ಆಶ್ರಯ ಕೇಳಿದವಳು ಈ ಮನೆಗೆ ಬರುವಂತಿಲ್ಲ. ಬಂದರೆ ಹೇಳಿದ್ದೆಲ್ಲ ಸುಳ್ಳೆಂದು ಆಶ್ರಯವೇ ಹೋಗಬಹುದು. ಇನ್ನು ಇಂಥ ಪತ್ರ ಬರೆದ ಅಪ್ಪನಿಗೆ ಆ ದೇಶ ವೀಸಾ ಕೊಡುವುದೂ ಕನಸಿನ ಮಾತು.

ಕಾಕಾ ಅಂಗಿಯ ಗುಂಡಿಯನ್ನು ತಿರುವುತ್ತ ಕುಳಿತರು. ಇದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

"ಇದು ಆಕಿಗೆ ಗೊತ್ತೈತೇನ್ರಿ?"

ಅರ್ಜಿಯ ಹಾಳೆಯ ಕೊನೆಯಲ್ಲಿ, ಎಲ್ಲ ಓದಿ ತಿಳಿದಿದ್ದೇನೆ ಎಂಬಲ್ಲಿ, ಅವಳ ಸಹಿ ಇತ್ತು.

"ಇರಲಿಕ್ಕಿಲ್ಲ ಕಾಕಾ" ಎಂದೆ.

ಅವರು ನನ್ನ ಪೆನ್ನು ತೆಗೆದುಕೊಂಡು, ಅಲ್ಲಿದ್ದ ಪೇಪರಿನ ಅಂಚನ್ನು ಸ್ಕೇಲಿನಂತೆ ಇಟ್ಟು, ಆಶೀರ್ವಾದದ ಮೇಲೆ ನೇರವಾಗಿ ಗೆರೆ ಎಳೆದರು. ಥಂಡಿಯ ಮೇಲೂ ಎಳೆದರು. "ಬರೀರಿ. ಆಕಿ ಅಲ್ಲೇ ಇರ್ಲಿ."

ಬರೆದೆ. ಅವರ ಒಂದು ವಾಕ್ಯದ ಕೊಲೆಯನ್ನು ಇಂಗ್ಲಿಷಿನಲ್ಲಿ ಮೂರು ವಾಕ್ಯ ಮಾಡಿದೆ. ಓದಿದವರು ನಡುಗುವ ಹಾಗೆ, ಚೆನ್ನಾಗಿಯೇ ಬಂತು. ಅಳಿಯನ ದನಿಗಿಂತ, ಮಗಳ ಅಗಿತಕ್ಕಿಂತ, ಅದು ಚೆನ್ನಾಗಿ ಬಂದದ್ದೇ ಇವತ್ತಿಗೂ ನನಗೆ ಹೇಸಿಗೆ.

ಆಶ್ರಯ ಸಿಕ್ಕಿತು. ಕಾಕಾನ ಹೆಂಡತಿ ಕಾಕು ಓಣಿಗೆಲ್ಲ ಪೇಢೆ ಹಂಚಿದರು. ಅಲ್ಲೇ ಕಾಯಂ ಆಯಿತು ಎಂದಷ್ಟೇ ಹೇಳಿದರು. ನನ್ನ ಪಾಲಿನದು ಡಬ್ಬಿಯಲ್ಲೇ ಬೂಸು ಹಿಡಿಯಿತು.

ಮೊನ್ನೆ ಸಾರಿನ ಪುಡಿ ಕೊಡಲು ಹೋದಾಗ ಕಾಕು ಮಗಳೊಡನೆ ವಿಡಿಯೋ ಕಾಲಿನಲ್ಲಿದ್ದರು. ಅಪ್ಪ ಫೋನಿನಲ್ಲಿ ಕಾಣಬಾರದು, ಮಾತೂ ಕೇಳಬಾರದು ಎಂದು ಅಳಿಯನ ಕಟ್ಟಪ್ಪಣೆ. ಕಾಕಾ ಫ್ರಿಜ್ಜಿನ ಮರೆಯಲ್ಲಿ ಗೋಡೆಗೆ ಒತ್ತಿ ನಿಂತಿದ್ದರು, ಮೈಮೇಲೆ ಇಸ್ತ್ರಿ ಅಂಗಿ. ಅಲ್ಲಿಂದ ಫೋನಿನ ಪರದೆ ಕಾಣಿಸುವುದಿಲ್ಲ. ನನ್ನನ್ನು ಕೈಸನ್ನೆಯಿಂದ ಹತ್ತಿರ ಕರೆದು ಕಿವಿಯಲ್ಲಿ ಕೇಳಿದರು: "ಸೊರಗ್ಯಾಳೇನ್ರಿ?"

ಬಗ್ಗಿ ನೋಡಿದೆ. ಕೆನ್ನೆ ತುಂಬಿಕೊಂಡಿದ್ದವು. ಅಮ್ಮನಿಗೆ ಕಿಟಕಿಯ ಹೊಸ ಪರದೆ ಬಟ್ಟೆ ತೋರಿಸುತ್ತಿದ್ದಳು. ಅಷ್ಟು ಹೊತ್ತಿನಲ್ಲಿ ಒಮ್ಮೆಯೂ ಅಪ್ಪನ ಸುದ್ದಿ ಕೇಳಲಿಲ್ಲ.

"ಇಲ್ರಿ ಕಾಕಾ" ಎಂದೆ. "ನಿಮ್ಮನ್ನ ಕೇಳಾಕತ್ತಾಳ."