ಅವರೆ ಹೊಲದ ಕಾವಲು ದೀಪ

ಸಂಕ್ರಾಂತಿಗೆ ಮುಂಚಿನ ಭಾನುವಾರ, ನೋಯ್ಡಾದ ಒಂದು ಫ್ಲ್ಯಾಟಿನ ಹಾಲ್‌ನಲ್ಲಿ ನಾವು ಐದು ಜನ ನೆಲದ ಮೇಲೆ ಹರಡಿದ ಹಿಂದಿ ಪೇಪರಿನ ಸುತ್ತ ಕೂತಿದ್ದೆವು. ಮನೆಯ ಯಜಮಾನರು ನಮ್ಮ ಸಸ್ಯ ಸಂಶೋಧನಾ ಸಂಸ್ಥೆಯ ಎಸ್ಟೇಟ್ ವಿಭಾಗದ ಅಧಿಕಾರಿ. ಹೊಲ, ಪಂಪು, ಬೇಲಿ, ಕರೆಂಟು ಎಲ್ಲ ಅವರ ಕೈಕೆಳಗೆ. ಹಾಸನದ ಕಡೆಯವರು, ದೆಹಲಿಯಲ್ಲೇ ತಲೆ ನೆರೆಸಿಕೊಂಡವರು. ಅವರನ್ನು ನಾನು ಅಣ್ಣ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಅತ್ತಿಗೆ. ಹನ್ನೆರಡನೇ ಕ್ಲಾಸಿನಲ್ಲಿದ್ದ ಅವರ ಮಗಳು ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಬಲವಂತಕ್ಕೆ ಕೂತವಳ ಹಾಗೆ ಕೂತಿದ್ದಳು. ನನ್ನ ಪಕ್ಕದಲ್ಲಿ ನನ್ನ ಪಿಎಚ್‌ಡಿ ವಿದ್ಯಾರ್ಥಿನಿ, ಚಿಂತಾಮಣಿಯ ಹುಡುಗಿ. ಬೆಂಗಳೂರಿನಿಂದ ಯಾರೋ ವಿಮಾನದಲ್ಲಿ ಹೊತ್ತು ತಂದ ಅವರೆಕಾಳನ್ನು ಅತ್ತಿಗೆ ಹಿಂದಿನ ದಿನವೇ ನೆನೆಹಾಕಿದ್ದರು. ಎಲ್ಲರೂ ಸೇರಿ ಹಿತಕುತ್ತಿದ್ದೆವು. ಬೆರಳು ಒತ್ತಿದರೆ ಸಿಪ್ಪೆ ಕೈಯಲ್ಲಿ, ಬೇಳೆ ತಟ್ಟೆಯಲ್ಲಿ.

ನಾವಿಬ್ಬರು ಬಂದದ್ದು ಊಟಕ್ಕಲ್ಲ. ಅಣ್ಣನಿಂದ ಎರಡು ಸಾಲು ಬರೆಸಿಕೊಳ್ಳುವುದಕ್ಕೆ. ಆ ಎರಡು ಸಾಲು ಸಿಕ್ಕರೆ ಹುಡುಗಿಗೆ ಇನ್ನೊಂದು ವರ್ಷ ಸಿಗುತ್ತಿತ್ತು. ಸಿಗದಿದ್ದರೆ ಮಾರ್ಚಿಗೆ ಅವಳ ಫೆಲೋಶಿಪ್ಪೂ ಮುಗಿಯುತ್ತಿತ್ತು, ಪಿಎಚ್‌ಡಿಯೂ ಅಲ್ಲಿಗೆ ನಿಲ್ಲುತ್ತಿತ್ತು.

ಗಿಡಗಳು ಬೆಳಕನ್ನು ಹೇಗೆ ಓದುತ್ತವೆ ಎಂದು ನೋಡುವುದು ನನ್ನ ಕಸುಬು. ಯಾವಾಗ ಮೊಳೆಯಬೇಕು, ಎಷ್ಟು ಉದ್ದ ಚಾಚಬೇಕು, ಯಾವಾಗ ಹೂ ಬಿಡಬೇಕು, ಇದನ್ನೆಲ್ಲ ಗಿಡ ಬೆಳಕಿನಿಂದಲೇ ತಿಳಿದುಕೊಳ್ಳುತ್ತದೆ. ಅವರೆಯದಂತೂ ಕತ್ತಲೆಯ ಲೆಕ್ಕ. ಮಳೆಗಾಲ ಕಳೆದು ಇರುಳು ಉದ್ದವಾಗುತ್ತ ಬಂದಾಗ ಮಾತ್ರ ಅದು ಹೂ ಬಿಡುತ್ತದೆ. ನಡುರಾತ್ರಿ ಒಂದಿಷ್ಟು ಬೆಳಕು ಬಿತ್ತೋ, ಎಲೆಯೊಳಗಿನ ಒಂದು ಪ್ರೋಟೀನು ಅದನ್ನು ಹಿಡಿದುಕೊಂಡು ಇರುಳು ಇನ್ನೂ ಗಿಡ್ಡ ಎಂದೇ ತಿಳಿಯುತ್ತದೆ. ನನ್ನ ಅಜ್ಜಿ, ಚಳಿ ಬಾಗಿಲಿಗೆ ಬಂದ ಮೇಲೆ ಅವರೆಗೆ ಬುದ್ಧಿ ಬರುತ್ತದೆ ಎನ್ನುತ್ತಿದ್ದಳು. ಅವಳಿಗೆ ಚಳಿ ಕಾರಣ, ನನಗೆ ಇರುಳು ಕಾರಣ. ಅಷ್ಟು ವ್ಯತ್ಯಾಸಕ್ಕೆ ನಾನು ಇಷ್ಟು ವರ್ಷ ಓದಿದೆ.

ಹುಡುಗಿಯ ಅಬ್ಬ ಮಂಡಿಯಲ್ಲಿ ಅವರೆಕಾಯಿ ವ್ಯಾಪಾರದವರು. ಅವರ ಜೊತೆ ಲಾರಿಯಲ್ಲಿ ಸುತ್ತಿ ಅವಳು ಕೋಲಾರ, ತುಮಕೂರು, ರಾಮನಗರದ ಹಳ್ಳಿಗಳಿಂದ ಮನೆಮನೆಯ ನಾಟಿ ಅವರೆ ಬೀಜ ಕೂಡಿಸಿ ತಂದಿದ್ದಳು. ಒಂದು ಊರಿನದು ಬೇಗ ಹೂ ಬಿಡುತ್ತದೆ, ಇನ್ನೊಂದು ಊರಿನದು ತಡ. ಈ ಹಿಂದುಮುಂದು ಯಾವ ಜೀನಿನಿಂದ ಬರುತ್ತದೆ ಎಂಬುದೇ ಅವಳ ಪ್ರಬಂಧ. ಅದಕ್ಕೆ ಎರಡು ವರ್ಷದ ಬೆಳೆ ಬೇಕು. ಒಂದೇ ವರ್ಷದ್ದನ್ನು ಯಾರೂ ಒಪ್ಪುವುದಿಲ್ಲ. ಮೊದಲ ವರ್ಷ ಚೆನ್ನಾಗಿ ಬಂತು. ಆದರೆ ಬೇಲಿಯ ಅಂಚಿನ ಸಾಲುಗಳನ್ನು ನೀಲಗಾಯ್ ಮೇಯ್ದವು. ದೆಹಲಿಯ ಸುತ್ತಮುತ್ತ ಕುದುರೆಯಷ್ಟೆತ್ತರದ ಈ ಕಾಡುಪ್ರಾಣಿಗಳ ಕಾಟ ಬಲ್ಲವರೇ ಬಲ್ಲರು. ಅಂಚಿನ ಸಾಲುಗಳನ್ನು ನೋಡಿ ಹುಡುಗಿ ಅತ್ತದ್ದು ಅಣ್ಣನ ಕಿವಿಗೆ ಬಿತ್ತು. ಮುಂದಿನ ಸಲ ನಿನ್ನ ಹೊಲಕ್ಕೆ ನಾನೇ ಕಾವಲು, ಹೋಗು ಮಗು, ಎಂದು ಸಮಾಧಾನ ಮಾಡಿದರು. ಆ ಪ್ರೀತಿಯಲ್ಲಿ ಕಪಟವಿರಲಿಲ್ಲ. ಈಗಲೂ ನಾನು ಹಾಗೇ ಹೇಳುತ್ತೇನೆ.

ಎರಡನೇ ವರ್ಷ ಸೆಪ್ಟೆಂಬರ್ ಕೊನೆಗೆ ಹೊಲದ ಬದಿಯಲ್ಲಿ ಎತ್ತರದ ಕಂಬ ಎದ್ದಿತು. ಅದರ ತಲೆಯ ಮೇಲೆ ಕ್ರಿಕೆಟ್ ಮೈದಾನಕ್ಕೆ ಸಾಲುವಂಥ ದೀಪಗಳು. ನಿರ್ದೇಶಕರು ಗುಂಡಿ ಒತ್ತಿದರು, ಲಡ್ಡು ಹಂಚಿದರು, ಫೋಟೊ ತೆಗೆದರು. ಬೆಳಕು ಕಂಡರೆ ನೀಲಗಾಯ್ ಹತ್ತಿರ ಸುಳಿಯುವುದಿಲ್ಲವಂತೆ. ಬೇಲಿಯೇ ಎದ್ದು ಹೊಲ ಮೇಯ್ದಿತು ಎನ್ನುತ್ತಾರಲ್ಲ, ನಮ್ಮಲ್ಲಿ ಕಾವಲು ದೀಪ ಮೇಯ್ದಿತು.

ಮರುದಿನ ಬೆಳಗ್ಗೆಯೇ ಹೋಗಿ ಆರಿಸಿ ಎಂದು ಕೇಳಿದೆ. ಸಂಜೆಗೆ ತಾನೇ ಹತ್ತುತ್ತದೆ, ಬೆಳಗ್ಗೆ ತಾನೇ ಆರುತ್ತದೆ, ನಿನ್ನೆಯ ಗುಂಡಿ ಉದ್ಘಾಟನೆಗಷ್ಟೇ, ಈಗ ಸ್ವಿಚ್ಚೇ ಇಲ್ಲ ಎಂದರು ಅಣ್ಣ. ನಿರ್ದೇಶಕರೇ ಹೊತ್ತಿಸಿದ ದೀಪವನ್ನು ನಾನು ಆರಿಸಿ, ಆಮೇಲೆ ಪ್ರಾಣಿ ನುಗ್ಗಿದರೆ ಯಾರು ಜವಾಬ್ದಾರಿ ಎಂದೂ ಕೇಳಿದರು. ನಿರ್ದೇಶಕರಿಗೆ ಬರೆದೆ. ಉತ್ತರ ಡಿಸೆಂಬರಿನಲ್ಲಿ ಬಂತು. ಸೂಕ್ತ ಕ್ರಮಕ್ಕಾಗಿ ಎಂದು ಷರಾ ಬರೆದು ನನ್ನ ಕಾಗದವನ್ನು ಅಣ್ಣನಿಗೇ ಕಳಿಸಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಕೇಳಿದ್ದೆ. ಇಲ್ಲಿ ದೇವರೇ ಅರ್ಜಿಯನ್ನು ಪೂಜಾರಿಯ ಕೈಗೆ ಕೊಟ್ಟು ಒಳಗೆ ಹೋಗಿಬಿಟ್ಟಿದ್ದ.

ಅಷ್ಟರಲ್ಲಿ ಹೊಲ ಎಷ್ಟು ಚೆಂದ ಬೆಳೆಯಿತೆಂದರೆ, ಹೊರಗಿನಿಂದ ಬಂದ ಅತಿಥಿಗಳನ್ನು ಅಲ್ಲಿಗೆ ಕರೆತಂದು ತೋರಿಸುತ್ತಿದ್ದರು. ಸೊಂಪಾದ ಎಲೆ, ಎದೆಯೆತ್ತರದ ಬಳ್ಳಿ, ಹಚ್ಚ ಹಸುರು. ಹೂ ಮಾತ್ರ ಇಲ್ಲ. ಹುಡುಗಿ ದಿನಾ ಬೆಳಗ್ಗೆ ಹೋಗಿ ಎಲೆ ಸರಿಸಿ ನೋಡುತ್ತಿದ್ದಳು. ಬೇರೆ ಗಿಡಗಳಿಗೆ ಹಾಕುವ ಕಪ್ಪು ಬಟ್ಟೆ ತಂದು ಸಂಜೆ ಹೊದಿಸಲು ನೋಡಿದಳು. ಹೊಲ ದೊಡ್ಡದು, ಬಟ್ಟೆ ಚಿಕ್ಕದು. ಕೊನೆಗೆ ಹೂ ಬಂದದ್ದು ಪಂಪ್‌ಹೌಸಿನ ಹಿಂದೆ, ಗೋಡೆಯ ನೆರಳು ಬೀಳುವ ಮೂಲೆಯಲ್ಲಿ. ಅಲ್ಲಿಂದ ಕಂಬದ ಕಡೆ ಬಂದಷ್ಟೂ ಹೂ ತಡ, ಕಂಬದ ಬುಡದಲ್ಲಿ ಮೊಗ್ಗೇ ಇಲ್ಲ. ಯಾವ ಊರಿನ ಬೀಜ ಎನ್ನುವುದಕ್ಕೆ ಅರ್ಥವೇ ಉಳಿಯಲಿಲ್ಲ. ಕಂಬದಿಂದ ಎಷ್ಟು ದೂರ ಎನ್ನುವುದೊಂದೇ ಲೆಕ್ಕಕ್ಕೆ ಬಂತು. ತಡವಾಗಿ ಬಿಟ್ಟ ಹೂಗಳನ್ನು ಡಿಸೆಂಬರಿನ ಮಂಜು ಉದುರಿಸಿತು.

ಹುಡುಗಿಗೆ ಇನ್ನೊಂದು ವರ್ಷ ಕೊಡಿ ಎಂದು ಸಂಸ್ಥೆಯ ಪಿಎಚ್‌ಡಿ ಸಮಿತಿಯನ್ನು ಕೇಳಿದೆ. ಗೈಡ್ ಹೇಳಿದರೆ ಸಾಲದು, ಬೆಳೆ ಕೆಟ್ಟದ್ದು ದೀಪದಿಂದ ಎಂದು ಎಸ್ಟೇಟ್ ವಿಭಾಗ ಬರೆದುಕೊಡಲಿ ಎಂದರು. ಹಾಗಾಗಿ ಆ ಭಾನುವಾರ ನಾವು ಅವರೆ ಹಿತಕುತ್ತ ಕೂತಿದ್ದೆವು.

ಹುಡುಗಿ ಕೈ ಒರೆಸಿಕೊಂಡು ಫೋನ್‌ನಲ್ಲಿದ್ದ ಹೊಲದ ಚಿತ್ರಗಳನ್ನು ತೋರಿಸಿದಳು. ಅಣ್ಣ ಕನ್ನಡಕ ಏರಿಸಿ ನಿಧಾನವಾಗಿ ನೋಡಿದರು.

"ಪಂಪ್‌ಹೌಸ್ ಹತ್ರ ನೀರು ಚೆನ್ನಾಗಿ ಸಿಕ್ಕಿರುತ್ತೆ ಮಗು. ಅದಕ್ಕೇ ಅಲ್ಲಿ ಹೂ ಬಿಟ್ಟಿದೆ."

"ನೀರು ಎಲ್ಲಾ ಸಾಲಿಗೂ ಒಂದೇ ಸಮ ಕೊಟ್ಟಿದೀನಿ ಅಂಕಲ್."

"ಹಾಗಾದ್ರೆ ಗೊಬ್ಬರ ಇರ್ಬೇಕು. ನೋಡಮ್ಮ," ಎಂದು ನನ್ನ ಕಡೆ ತಿರುಗಿದರು, "ಬೆಳಕು ಜಾಸ್ತಿ ಆಗಿ ಬೆಳೆ ಹೋಯ್ತು ಅಂತ ನಾನು ಬರೆದ್ರೆ ಓದಿದೋರು ನಗಲ್ವಾ? ಸೂರ್ಯ ಇಲ್ದೆ ಬೆಳೆ ಉಂಟಾ?"

ಮಗಳು ತಲೆಯೆತ್ತದೆ ಬಾಯಿ ಹಾಕಿದಳು. "ಪಪ್ಪಾ, ಯೇ ತೋ ಹಮಾರೇ ಬಯಾಲಜಿ ಮೇ ಹೈ. ಡಾರ್ಕ್ ಬೇಕು ಅದಕ್ಕೆ. ಟೆಸ್ಟ್‌ನಲ್ಲಿ ಕೇಳಿದ್ರು."

"ಅಚ್ಛಾ? ಟೆಸ್ಟ್‌ನಲ್ಲಿ ಬರಿ. ಪುಸ್ತಕದಲ್ಲಿರೋದೆಲ್ಲ ಫೈಲ್‌ನಲ್ಲಿ ಬರೆಯೋಕಾಗುತ್ತಾ?"

ಅತ್ತಿಗೆ ನಕ್ಕರು. ಅಪ್ಪನಿಗೆ ಆಫೀಸ್ ಒಂದೇ ಸಿಲಬಸ್ಸು ಎಂದರು. ನಾವೂ ನಕ್ಕೆವು, ಕೇಳಲು ಬಂದವರು ನಗಲೇಬೇಕಲ್ಲ. ಆಮೇಲೆ ನಾನು ನೇರವಾಗಿ ಹೇಳಿದೆ. ಅಣ್ಣಾ, ತಪ್ಪು ನಿಮ್ಮದು ಅಂತ ಬರೆಯಬೇಡಿ, ದೀಪ ಉರಿಯುತ್ತಿತ್ತು ಅಂತಷ್ಟೇ ಬರೆಯಿರಿ, ಉಳಿದದ್ದನ್ನು ಸಮಿತಿಗೆ ನಾನು ವಿವರಿಸುತ್ತೇನೆ. ಅವರು ತಟ್ಟೆಯ ಬೇಳೆಯಲ್ಲಿ ಬೆರಳಾಡಿಸಿದರು.

"ಮೂರು ತಿಂಗಳಿಗೆ ರಿಟೈರ್ ಆಗ್ತೀನಮ್ಮ. ಆ ಕಂಬ ನಿಲ್ಲಿಸಿದ್ದೇ ನಾನು ಅಲ್ಲಿ ಮಾಡಿದ ಕೊನೇ ಕೆಲಸ. ಅದನ್ನೂ ಕೆಡಿಸಿಕೊಂಡು ಹೋಗಲಾ?"

ಹುಡುಗಿ ತಟ್ಟೆ ಹತ್ತಿರಕ್ಕೆಳೆದುಕೊಂಡು ಉಳಿದ ಕಾಳನ್ನು ಹಿತಕತೊಡಗಿದಳು. ನೋಡೋಣ, ಏನಾದರೂ ಮಾಡೋಣ ಎಂದರು ಅಣ್ಣ. ಸಾರು ಚೆನ್ನಾಗಿತ್ತು. ಅತ್ತಿಗೆ ಅವಳಿಗೆ ಎರಡು ಸಲ ಬಡಿಸಿ, ಹಾಸ್ಟೆಲ್‌ಗೆಂದು ಡಬ್ಬಿಗೂ ಹಾಕಿಕೊಟ್ಟರು. ಮೆಟ್ರೊದಲ್ಲಿ ಅವಳು ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ನಾನು ಮಯೂರ್ ವಿಹಾರ್‌ನಲ್ಲಿ ಇಳಿಯುವ ಹೊತ್ತಿಗೆ ಒಂದೇ ಒಂದು ಮಾತು ಕೇಳಿದಳು. ನಮ್ಮೋರು ಅಲ್ಲದಿದ್ರೆ ಬರೆದುಕೊಡ್ತಿದ್ರಾ ಮೇಡಂ? ಬೇರೆಯವರಾಗಿದ್ದರೆ ನಾನು ಜಗಳವಾಡುತ್ತಿದ್ದೆ, ಮೇಲಿನವರಿಗೆ ದೂರು ಕೊಡುತ್ತಿದ್ದೆ. ಅಣ್ಣ ಅತ್ತಿಗೆ ಎಂದು ಕರೆದುಕೊಂಡ ಮೇಲೆ ಬೇಡುವುದೊಂದೇ ದಾರಿ ಉಳಿಯುತ್ತದೆ. ಹೊರನಾಡಿನಲ್ಲಿ ನಮ್ಮ ಭಾಷೆ ಕೇಳಿದರೆ ಕರುಳು ಕರಗುತ್ತದೆ ಎನ್ನುತ್ತಾರೆ. ಕರಗಿದ್ದು ನಮ್ಮ ಕರುಳು. ಅವರ ಫೈಲು ಗಟ್ಟಿಯಾಗಿಯೇ ಇತ್ತು.

ಫೆಬ್ರುವರಿಯಲ್ಲಿ ಸಮಿತಿ ಕೂತಾಗ ಎಸ್ಟೇಟ್ ವಿಭಾಗದ ಟಿಪ್ಪಣಿ ಬಂದಿತ್ತು. ಹೊಲಕ್ಕೆ ಎಲ್ಲ ಸೌಕರ್ಯ ಒದಗಿಸಲಾಗಿತ್ತು, ಹೆಚ್ಚುವರಿ ಬೆಳಕಿನ ವ್ಯವಸ್ಥೆಯೂ ಸೇರಿದಂತೆ ಎಂದಿತ್ತು. ಅದನ್ನು ಓದಿದ ಸದಸ್ಯರೊಬ್ಬರು, ಇಷ್ಟೆಲ್ಲ ಕೊಟ್ಟೂ ಬೆಳೆ ಬಾರದಿದ್ದರೆ ಏನು ಮಾಡುವುದು ಎಂದರು. ಹೊಲದ ಚಿತ್ರಗಳನ್ನು ಮುಂದಿಟ್ಟು ನಾನು ಗಂಟಲು ಒಣಗುವ ತನಕ ವಿವರಿಸಿದೆ. ತಲೆಯಾಡಿಸಿದರು, ಅವಧಿ ಕೊಡಲಿಲ್ಲ.

ಮಾರ್ಚಿನಲ್ಲಿ ಹುಡುಗಿ ಸಂಸ್ಥೆ ಬಿಡುವಾಗ ಪ್ರತಿ ವಿಭಾಗದಿಂದಲೂ ಬಾಕಿ ಇಲ್ಲವೆಂದು ಸಹಿ ಬೇಕಿತ್ತು. ಅಣ್ಣ ನಿಂತುಕೊಂಡೇ ಸಹಿ ಹಾಕಿ, ಚಹಾ ತರಿಸಿ, ಎಲ್ಲಿದ್ರೂ ಚೆನ್ನಾಗಿರು ಮಗು ಎಂದರಂತೆ. ಅವಳು ತಂದಿದ್ದ ಬೀಜದ ಪೊಟ್ಟಣಗಳು ಸಂಸ್ಥೆಯ ಸ್ವತ್ತು, ಹೊರಗೆ ಒಯ್ಯುವ ಹಾಗಿಲ್ಲ ಎಂದು ಉಗ್ರಾಣಕ್ಕೆ ಹೋದವು. ಜೂನ್‌ನಲ್ಲಿ ಚಿಂತಾಮಣಿಯಿಂದ ಫೋನ್ ಮಾಡಿ, ಒಂದು ಖಾಸಗಿ ಪಿಯು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿದೆ ಎಂದು ಹೇಳಿದಳು.